ರೇಟ್ ಇಳದದ, ವೈನಿ

ಪ್ರಾಣೇಶನ ಸುದ್ದಿ ನನ್ನ ಮುಂದ ತಗೀಬ್ಯಾಡ್ರಿ. ದೇವರಂಥಾವ, ತಂದಿ ಇಲ್ಲದ ಅಣ್ಣನ ಮಗಳಿಗೆ ಓದಿಸಿದ ಅಂತ ಚಿತ್ತಾಪುರದಾಗ ಎಲ್ಲಾರೂ ಅಂತಾರ. ಅನ್ಲಿ. ಯಾರದೋ ರೊಕ್ಕ, ಯಲ್ಲಮ್ಮನ ಜಾತ್ರಿ. ಆ ರೊಕ್ಕ ಯಾರದಿತ್ತಂತ ನಾ ಹೇಳ್ತೀನಿ, ಕೇಳ್ರಿ.

ನಮ್ಮ ಮನಿಯವರು ಇಲ್ಲೇ ಕೋರ್ಟಿನ್ಯಾಗ ಗುಮಾಸ್ತರಿದ್ರು. ತೊಂಬತ್ತೇಳರಾಗ ಒಂದು ಲಕ್ಷದ ಸರ್ಕಾರಿ ಬಾಂಡ್ ತೊಗೊಂಡ್ರು. ಹತ್ತು ವರ್ಷದ್ದು, ನೂರಕ್ಕ ಹದಿನಾಲ್ಕು ಬಡ್ಡಿ. ಮಗಳು ಪ್ರಮಿತಾನ ಓದಿಗೆ ಅಂತ ಇಟ್ಟದ್ದು. ಮುಂದ ಎರಡೇ ವರ್ಷಕ್ಕ ಅವರು ಹೋಗಿಬಿಟ್ರು. ನಾ ಪಿಂಚಣಿ ಮ್ಯಾಲೆ ಮನಿ ನಡಸೋ ಹೆಂಗಸು. ಆರು ತಿಂಗಳಿಗೊಮ್ಮೆ ಬಡ್ಡಿ ಬರ್ತದ ಅಂಬೋದೊಂದು ಬಿಟ್ರ ಬಾಂಡಿನ ಬಗ್ಗೆ ನನಗೇನೂ ತಿಳೀತಿದ್ದಿಲ್ಲ.

ಎರಡು ಸಾವಿರದ ಮೂರರಾಗ ಪ್ರಮಿತಾಗ ಗುಲ್ಬರ್ಗಾದಾಗ ಬಿಬಿಎಂ ಸೀಟ್ ಸಿಕ್ತು. ಡೊನೇಷನ್, ಫೀಸು, ಹಾಸ್ಟೆಲ್ ಎಲ್ಲಾ ಕೂಡಿ ಮೂರು ವರ್ಷಕ್ಕ ಲಕ್ಷದ ಮ್ಯಾಲೇ ಬೇಕಿತ್ತು. ಬಾಂಡ್ ಮಾರಿಬಿಡೋಣಂತ ಪ್ರಾಣೇಶಗ ಕರಸಿದೆ. ಅವ ನನ್ನ ಮೈದುನ, ವಾಡಿಯೊಳಗ ಬ್ಯಾಂಕಿನ ನೌಕರಿ. ಬಂದ, ಕುಂತ, ಚಹಾ ಕುಡದ, ಮಾರಿ ಸಣ್ಣದು ಮಾಡಿದ.

“ರೇಟ್ ಭಾಳ ಇಳದದ, ವೈನಿ.”

ನಮ್ಮ ಕಡಿ ರೇಟ್ ಇಳೀತು ಅಂದ್ರ ಏನ್ರಿ? ತೊಗರಿ ರೇಟ್ ಇಳೀತು, ಬಂಗಾರದ ರೇಟ್ ಇಳೀತು, ಅಂದ್ರ ಮಾಲಿನ ಕಿಮ್ಮತ್ತು ಇಳೀತು. ನಾನೂ ಹಂಗೇ ತಿಳಕೊಂಡೆ. ಹಂಗಾದ್ರ ಲಕ್ಷ ಬರೂದಿಲ್ಲೇನೋ ಅಂದೆ. ಅವ ಹೌದೂ ಅನ್ನಲಿಲ್ಲ, ಇಲ್ಲೂ ಅನ್ನಲಿಲ್ಲ, ನೆಲಾ ನೋಡಿದ ಕಳ್ಳ. ಎಂಬತ್ತು ಸಾವಿರಕ್ಕ ನಾನೇ ಇಟ್ಕೋತೀನಿ, ಅಣ್ಣನ ನೆನಪಿರ್ತದ ಅಂದ. ನನ್ನ ಕಣ್ಣಾಗ ನೀರು ಬಂತು. ಆ ಕಣ್ಣೀರಿಗಿಷ್ಟು ಬೆಂಕಿ ಹಚ್ಚಲಿ. ಸಹಿ ಮಾಡಿ ಕೊಟ್ಟುಬಿಟ್ಟೆ.

ರೊಕ್ಕ ಕಡಿಮಿ ಬಿತ್ತು, ಬೀಳದೇ ಏನು. ಆಗ ಮಠದಾಗ, ಊಟದ ಪಂಕ್ತ್ಯಾಗ, ಉಳದ ಫೀಸು ನಾ ಕಟ್ತೀನಿ ಅಂತ ಎಲ್ಲಾರ ಮುಂದ ಅಂದ. ಆಚಾರ್ರು ಭೇಷ್ ಅಂದ್ರು. ಕಾಕಾನ ಕಾಲಿಗೆ ಬೀಳು ಅಂತ ಪ್ರಮಿತಾಗ ನಾನೇ ಮುಂದ ದಬ್ಬಿದೆ. ಅವತ್ತಿನಿಂದ ಹಬ್ಬ ಬಂದ್ರೂ ಕಾಕಾನ ಕಾಲು, ಮುಂಜಿವಿ ಬಂದ್ರೂ ಕಾಕಾನ ಕಾಲು.

ಐದರಾಗ, ಶ್ರಾವಣ ಶುಕ್ರವಾರ ಊಟಕ್ಕ ಕರದಿದ್ರಂತ ವಾಡಿಗೆ ಅವರ ಮನಿಗೆ ಹೋದೆ. ಪ್ರಾಣೇಶ ಇನ್ನೂ ಬ್ಯಾಂಕಿನ್ಯಾಗಿದ್ದ. ಅವನ ಹೆಂಡತಿ ತುಳಜಾಬಾಯಿ ಕೈಯಾಗಿನ ಬಂಗಾರದ ಪಾಟ್ಲಿ ತೋರಿಸಿದಳು. ಪಾಪ, ಆಕಿಗೆ ಕಪಟ ಗೊತ್ತಿಲ್ಲ. ಬ್ಯಾಂಕಿನ್ಯಾಗ ಬಡ್ಡಿ ಆರಕ್ಕ ಇಳದಿತ್ತಲ್ಲ ಅಕ್ಕಾ, ಅದಕ್ಕ ನಿಮ್ಮ ಬಾಂಡಿಗೆ ಭಾರಿ ಕಿಮ್ಮತ್ತು ಬಂತು, ಲಕ್ಷದ ಇಪ್ಪತ್ತೇಳು ಸಾವಿರಕ್ಕ ಹೋತು, ಅದರಾಗೇ ಇವು ಮಾಡಿಸಿದ್ರು ಅಂದಳು.

ತೆಲಿಗೆ ರಕ್ತ ಏರಿತು. ಇಳದದ್ದು ಬಡ್ಡಿ ರೇಟು, ಬಾಂಡಿನ ರೇಟಲ್ಲ! ಓಣ್ಯಾಗ ಎಲ್ಲಾರ ಎಮ್ಮಿ ಒಂದು ಸೇರು ಹಾಲು ಹಿಂಡಲಿಕತ್ತಾಗ ನಮ್ಮ ಎಮ್ಮಿ ಎರಡು ಸೇರಿನ ಮ್ಯಾಲೆ ಹಿಂಡ್ತದ ಅಂದ್ರ, ಅದರ ಕಿಮ್ಮತ್ತು ಏರ್ತದೋ ಇಳೀತದೋ? ಅಷ್ಟೂ ತಿಳೀಲಿಲ್ಲ ನನಗ. ರೇಟಿನ ಮಾತಿನಾಗ ಅವ ಒಂದು ಸುಳ್ಳೂ ಆಡಿಲ್ಲ ನೋಡ್ರಿ, ಅದೇ ನನಗ ಉರೀತದ. ನನ್ನ ಗಂಡನ ರೊಕ್ಕ ನುಂಗಿ, ಅದರಾಗಿಂದೇ ಚೂರು ಕೊಟ್ಟು, ನನ್ನ ಮಗಳ ಕಡಿಂದ ಕಾಲು ಹಿಡಿಸಿಕೊಂಡ, ಭಾಡ್ಯಾ.

ಊಟಾ ಮಾಡಲಿಲ್ಲ, ಏನಿಲ್ಲ. ಸೀದಾ ಸ್ಟೇಷನ್ನಿಗೆ ಬಂದು ಗುಲ್ಬರ್ಗಾದ ಗಾಡಿ ಹತ್ತಿದೆ. ಇನ್ನ ನನ್ನ ಮಗಳು ಆ ಕಾಲು ಮುಟ್ಟಬಾರದು, ಅಷ್ಟೇ. ಹಾಸ್ಟೆಲ್ ಕಟ್ಟಿ ಮ್ಯಾಲೆ ಪ್ರಮಿತಾಗ ಕೂಡಿಸಿ ಎಲ್ಲಾ ಹೇಳಿದೆ. ಹುಡುಗಿ ಗಾಬರಿ ಆಗಲಿಲ್ಲ.

“ನನಗ ಗೊತ್ತದ ಅಮ್ಮ. ಹ್ವಾದ ವರ್ಷ ಕ್ಲಾಸಿನ್ಯಾಗ ಇದೇ ಪಾಠ ಆತು. ಬಡ್ಡಿ ಇಳದ್ರ ಹಳೇ ಬಾಂಡಿನ ಬೆಲಿ ಏರ್ತದ.”

ನನ್ನ ಕೈ ಎದ್ದೇಬಿಡ್ತು. ಗೊತ್ತಿದ್ದೂ ದೀಪಾವಳ್ಯಾಗ ಅವನ ಕಾಲಿಗೆ ಬಿದ್ದೇನು, ನಾಚಿಕಿ ಆಗಲಿಲ್ಲೇನು ಅಂತ ಒದರಿದೆ. ಎದ್ದ ಕೈ ಆಕಿ ಮೆಲ್ಲಕ ಹಿಡಕೊಂಡಳು.

“ಆಗ್ತದ ಅಮ್ಮ. ಆದ್ರ ಇನ್ನೂ ಒಂದು ವರ್ಷದ ಫೀಸು ಉಳದದ. ನೀ ಏನೂ ಅನ್ನಬ್ಯಾಡ.”

ತಿರುಗಿ ಬರೂವಾಗ ವಾಡಿಯೊಳಗ ಚಿತ್ತಾಪುರದ ಗಾಡಿಗೆ ಕಾಯ್ಕೋತ ಕುಂತಿದ್ದೆ. ತುಳಜಾಬಾಯಿ ಹೇಳಿರಬೇಕು, ಪ್ರಾಣೇಶ ನನ್ನ ಹುಡುಕಿಕೋತ ಪ್ಲಾಟ್‌ಫಾರ್ಮಿಗೇ ಬಂದ. ಮಾರಿ ಇಳದಿತ್ತು. ವೈನಿ, ಊಟಾ ಮಾಡದೇ ಎದ್ದು ಹೋದ್ರಂತ, ಏನಾತು ಅಂದ. ನಾಲಿಗಿ ತುದಿಗೆ ಬಂದ ಬೈಗುಳ ಎಲ್ಲಾ ಒಂದೊಂದಾಗಿ ನುಂಗಿದೆ. ಪ್ರಮಿತಾನ ನೋಡಬೇಕನಿಸ್ತು, ಗುಲ್ಬರ್ಗಾಕ್ಕ ಹೋಗಿದ್ದೆ ಅಂದೆ. ಆರಾಮಿದ್ದಾಳೇನು ಅಂತ ಕೇಳಿದ.

“ಆರಾಮಿದ್ದಾಳ. ನಿನಗ ನಮಸ್ಕಾರ ಹೇಳ್ಯಾಳ.”