ಇಸ್ಪೇಟು ಮೂರು

"ಮೂರು ಕಂಡ್ರೆ ಸಾಕು, ಇವಳು ಪರಾರಿ," ಎಂದು ಯುಸ್ತಿನಾ ಮುದುಕಿ ಎಲೆಗಳನ್ನು ತನ್ನ ಕಡೆ ಬಾಚಿಕೊಂಡು ನಕ್ಕಳು.

ತೆಕ್ಲಾಳ ಕಿವಿ ಬಿಸಿಯಾಯಿತು. ಚರ್ಚಿನ ನೆಲಮಾಳಿಗೆಯಲ್ಲಿ ಶುಕ್ರವಾರದ ಕೈಸರ್ ಎಂಬ ಎಲೆಯಾಟ, ಇಬ್ಬಿಬ್ಬರ ಎರಡು ಜೋಡಿ; ಎಷ್ಟು ಅಂಕ ಮಾಡುತ್ತೇವೆಂದು ಮೊದಲೇ ಕೂಗಬೇಕು. ಮೊದಲ ಕೂಗಿಗೇ ಎಡವಿದ್ದಳು. ಗೆದ್ದ ಒಂದೊಂದು ಸುತ್ತಿಗೂ ಒಂದು ಅಂಕ. ಅದರಲ್ಲಿ ಆಟಿನ್ ಐದು ಸಿಕ್ಕರೆ ಮತ್ತೆ ಐದು. ಇಸ್ಪೇಟು ಮೂರು ಬಂದು ತಗಲಿಕೊಂಡರೆ ಮೂರು ಕಳೆಯಬೇಕು. ಮೂರನ್ನು ಕಂಡ ಗಾಬರಿಯಲ್ಲಿ ಅವಳು ಇಡೀ ಸುತ್ತನ್ನೇ ಬಿಟ್ಟುಕೊಟ್ಟಳು, ಐದೂ ಅದರ ಜೊತೆಗೇ ಹೋಯಿತು. ಏಳು ಕೂಗಿ ಏಳು ಮಾಡದ ತಪ್ಪಿಗೆ ಸ್ಲೇಟಿನ ಮೇಲೆ ಮೈನಸ್ ಏಳು. ಸೊನ್ನೆಗಿಂತ ಕೆಳಗಿಳಿದ ಅಂಕಕ್ಕೆ ಸುತ್ತ ಗೆರೆ ಎಳೆದು 'ಗುಂಡಿಗೆ ಬಿದ್ರು' ಅನ್ನುವುದು ಅಲ್ಲಿಯ ವಾಡಿಕೆ. ಆ ಗೆರೆಯನ್ನು ಮುದುಕಿಯೇ ಆಸೆಪಟ್ಟು ಎಳೆದಳು.

ತೆಕ್ಲಾಳ ಎದುರಿಗೆ ಜೊತೆಗಾರನಾಗಿ ಕೂತಿದ್ದವನು ಓರೆಸ್ಟ್. ಅವನು ಮುದುಕಿಯ ಮಗ, ಹೆಂಡತಿ ತೀರಿಕೊಂಡವನು. ಹೋದ ಭಾನುವಾರ ತೆಕ್ಲಾಳ ಬಾಗಿಲ ಮುಂದಿನ ಹಿಮ ಬಾಚುತ್ತಾ, ಇಬ್ಬರು ಒಂಟಿಗಳು ಚಳಿಗಾಲವಿಡೀ ಎರಡು ಮನೆ ಬಿಸಿ ಮಾಡುವುದು ಯಾಕೆ, ಮದುವೆಯಾಗಿ ಈ ಮನೆಯಲ್ಲೇ ಇದ್ದುಬಿಡೋಣ ಎಂದು ಕೇಳಿದ್ದ. ತೆಕ್ಲಾಳಿಗೂ ಗಂಡ ಹೋಗಿ ಬಹಳ ಕಾಲವಾಗಿತ್ತು. ಆದರೆ ಓರೆಸ್ಟ್ ಒಂದು ಮಾತು ಮುಚ್ಚಿಡದೆ ಹೇಳಿದ್ದ, ಅಮ್ಮನನ್ನು ಬಿಟ್ಟು ಬರಲಾರೆ ಎಂದು. ಶುಕ್ರವಾರ ಆಟ ಮುಗಿದ ಮೇಲೆ ಉತ್ತರ ಹೇಳುತ್ತೇನೆ ಎಂದು ತೆಕ್ಲಾ ಅಂದಿದ್ದಳು.

ವಾರವೆಲ್ಲ ಹಿಟ್ಟು ನಾದುತ್ತಾ ಅದೇ ಯೋಚನೆ. ಓರೆಸ್ಟ್ ಬಂದು ಹೋದ ದಿನ ಅವಳಿಗೆ ತಾನಾಗಿ ಹಾಡು ಬರುತ್ತಿತ್ತು, ಅದು ಸುಳ್ಳಲ್ಲ. ಮುದುಕಿಯ ನಾಲಗೆ ನೆನಪಾದರೆ ಹಾಡು ಗಂಟಲಲ್ಲೇ ನಿಲ್ಲುತ್ತಿತ್ತು. ಕ್ರಿಸ್ಮಸ್ಸಿನಲ್ಲಿ ತೆಕ್ಲಾ ಮಾಡಿದ ಪೆರೋಗಿ ಕಡುಬನ್ನು ಇದೇ ನೆಲಮಾಳಿಗೆಯಲ್ಲಿ, ಊರವರೆಲ್ಲರ ಎದುರಿಗೆ ಕಚ್ಚಿ ನೋಡಿ, ಈ ಹಿಟ್ಟಿನಲ್ಲಿ ಬೂಟಿಗೆ ಅಟ್ಟೆ ಹೊಡೆಸಬಹುದು ಅಂದವಳು ಆ ಮುದುಕಿ. ಅಂಥವಳು ದಿನಾ ಬೆಳಿಗ್ಗೆ ಅಡುಗೆಮನೆಯಲ್ಲಿ ಕೂತಿದ್ದರೆ?

ಆಟ ಮುಂದೆ ಸಾಗಿತು. ಮುಂದಿನ ಕೈಯಲ್ಲಿ ತೆಕ್ಲಾ, ಓರೆಸ್ಟ್ ಜೋಡಿಗೆ ಒಂಬತ್ತು ಬಂತು; ಮೈನಸ್ ಏಳಕ್ಕೆ ಒಂಬತ್ತು ಸೇರಿ ಎರಡು. ಓರೆಸ್ಟ್ ಎದ್ದು ಹೋಗಿ ಆ ಗೆರೆಯನ್ನು ಹೆಬ್ಬೆರಳಲ್ಲಿ ಉಜ್ಜಿ ಅಳಿಸಿದ. ಕಾಫಿಯ ಹೊತ್ತಿಗೆ ನಲವತ್ತೈದು ಆಗಿತ್ತು. ಐವತ್ತೆರಡು ಮುಟ್ಟಿದವರು ಗೆದ್ದಂತೆ. ತೆಕ್ಲಾ ಧೈರ್ಯ ಮಾಡಿ ಏಳು ಕೂಗಿ, ಡೈಮಂಡನ್ನು ಬೇರೆಲ್ಲ ಎಲೆಗಳನ್ನೂ ಹೊಡೆಯುವ ತುರುಫು ಮಾಡಿದಳು.

ಆರು ಸುತ್ತು ಮುಗಿದಾಗ ನಾಲ್ಕು ಅವರ ಪಾಲಿಗೆ ಬಂದಿದ್ದವು. ಉಳಿದದ್ದು ಎರಡೇ. ಮುದುಕಿಯ ಜೊತೆಗಾರ ವಾಲ್ಟರ್ ಆಟಿನ್ ರಾಜನನ್ನು ಇಳಿಸಿದ. ಓರೆಸ್ಟ್ ಬಳಿ ಇದ್ದ ಒಂದೇ ಆಟಿನ್ ಎಂದರೆ ಆ ಐದು, ಮನಸ್ಸಿಲ್ಲದೆ ಹಾಕಿದ. ಮುದುಕಿ ತೆಕ್ಲಾಳ ಮುಖವನ್ನೇ ನೋಡುತ್ತಾ ಇಸ್ಪೇಟು ಮೂರನ್ನು ಮೆಲ್ಲಗೆ ಅದರ ಮೇಲಿಟ್ಟಳು.

"ಓಡು ಮತ್ತೆ," ಅಂದಳು.

ತೆಕ್ಲಾಳ ಕೈಯಲ್ಲಿ ಕಳಾವರ್ ಎಂಟು, ಡೈಮಂಡ್ ಏಳು. ಕಳಾವರ್ ಎಸೆದರೆ ಮೂರು ಅವಳಿಗೆ ತಗಲುವುದಿಲ್ಲ. ಅವಳ ಕೈ ಅಭ್ಯಾಸಬಲದಿಂದ ಅತ್ತಲೇ ಹೋಯಿತು. ಅಷ್ಟರಲ್ಲಿ ಓರೆಸ್ಟ್ ಕಡೆ ನೋಡಿದಳು. ಅವನು ಎಲೆ ನೋಡುತ್ತಿರಲಿಲ್ಲ. ಮೇಜಿನ ಕೆಳಗೆ ಜಾರಿದ್ದ ಅಮ್ಮನ ಶಾಲನ್ನು ಎತ್ತಿ ಅವಳ ಮಂಡಿಯ ಮೇಲೆ ಹೊದಿಸುತ್ತಿದ್ದ. ಸುತ್ತಿಗೆ ಒಂದು, ಐದು ಸೇರಿ ಆರು, ಮೂರು ಹೋದರೆ ಮೂರು. ಕಡೆಗೂ ಕೈಯಲ್ಲಿ ಉಳಿಯುತ್ತದಲ್ಲ, ಇಷ್ಟು ದಿನ ಇದನ್ನು ಯಾಕೆ ಕೂಡಿ ನೋಡಲಿಲ್ಲ ಎಂದು ಅವಳಿಗೆ ನಗು ಬಂತು. ತುರುಫು ಹೊಡೆದು ನಾಲ್ಕೂ ಎಲೆಗಳನ್ನು ಎಳೆದುಕೊಂಡಳು.

ಕೊನೆಯ ಸುತ್ತು ಮುದುಕಿಗೇ ಹೋಯಿತು. ಆದರೇನು, ನಾಲ್ಕಕ್ಕೆ ಮೂರು ಸೇರಿ ಕೂಗಿದ ಏಳು ಆಗಿತ್ತು, ನಲವತ್ತೈದು ಐವತ್ತೆರಡಕ್ಕೆ ಮುಟ್ಟಿತ್ತು.

"ಹೆದರಿಕೆ ಆಗ್ಲಿಲ್ವೇನೇ?" ಮುದುಕಿ ಕೇಳಿದಳು.

"ಆಯ್ತು. ಏನ್ಮಾಡೋದು, ಐದೂ ಅದ್ರಲ್ಲೇ ಇತ್ತಲ್ಲ."

ಮುದುಕಿ ಎದ್ದು ಕೋಟಿನ ಗುಂಡಿ ಹಾಕಿಕೊಂಡಳು.

ಹೊರಗೆ ಮೂಗು ಉದುರಿಹೋಗುವ ಚಳಿ. ಪಿಕಪ್ಪಿನ ಒಂದೇ ಸೀಟಿನಲ್ಲಿ ಮೂವರೂ ಒತ್ತಿಕೊಂಡು ಕೂತರು, ಮುದುಕಿ ನಡುವೆ. ಓರೆಸ್ಟ್ ಗಾಡಿ ಹೊರಡಿಸಿದ. ರೈಲುಗೇಟು ದಾಟಿದ ಮೇಲೆ ತೆಕ್ಲಾ ಹೇಳಿದಳು:

"ಅಮ್ಮಂಗೆ ಮಹಡಿ ಕೋಣೆ ಬೇಡ. ಮೆಟ್ಲು ಹತ್ತೋಕಾಗಲ್ಲ. ಅಡುಗೆಮನೆ ಪಕ್ಕದ್ದನ್ನ ಖಾಲಿ ಮಾಡ್ತೀನಿ."

ಓರೆಸ್ಟ್ ಗಾಡಿಯ ವೇಗ ತಗ್ಗಿಸಿ ಅವಳ ಕಡೆ ತಿರುಗಿ ನೋಡಿದ.

"ಕಿಟಕಿ ಸರಿಯಾಗಿ ಮುಚ್ಚೇ, ಗಾಳಿ ಬರ್ತಿದೆ," ಮುದುಕಿ ಗೊಣಗಿದಳು.

ಕಿಟಕಿ ಮುಚ್ಚಿಯೇ ಇತ್ತು. ತೆಕ್ಲಾ ಒಂದು ಚೂರು ಇಳಿಸಿ, ಮತ್ತೆ ಏರಿಸಿದಳು.

"ಹೂಂ, ಈಗ ಸರಿಹೋಯ್ತು," ಎಂದು ಮುದುಕಿ ಶಾಲಿನ ಒಂದು ತುದಿಯನ್ನು ತೆಕ್ಲಾಳ ಮಂಡಿಯ ಮೇಲೂ ಎಳೆದಳು.