ನೀಲಿ ಗಿಡುಗದ ಸೋಡ

ನಾನು ಕುಡಿಯುವವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಕೇಳಿದ ಮೇಲೆ ನೀವು ನಂಬಲಿಕ್ಕಿಲ್ಲ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಬ್ರಷ್ಷು. ಪಣಕಹಳ್ಳಿಯ ಜಡೇಸ್ವಾಮಿ ಅಂದರೆ ತಾಳವಾಡಿ ಸುತ್ತಲ ಊರಿಗೆಲ್ಲ ಇಷ್ಟೇ. ಗೋಡೆಯ ಮೇಲೆ ಜಾಹೀರಾತು ಬರೆಯುವುದು ನನ್ನ ಕಸುಬು. ಗೊಬ್ಬರ, ಸಿಮೆಂಟು, ಬಿತ್ತನೆ ಜೋಳ, ಯಾವುದಾದರೂ ಸರಿ. ನಮ್ಮದು ತಮಿಳುನಾಡಿಗೆ ಸೇರಿದ ಕನ್ನಡದ ಸೀಮೆ, ಕನ್ನಡದಲ್ಲೂ ಬರೆಯುತ್ತೇನೆ, ತಮಿಳಿನಲ್ಲೂ ಬರೆಯುತ್ತೇನೆ. ಮುಗಿಸಿದ ಮೇಲೆ ಕೆಳಗಿನ ಮೂಲೆಯಲ್ಲಿ 'ಜಡೇ ಆರ್ಟ್ಸ್' ಎಂದು ಹೆಸರು ಹಾಕುತ್ತೇನೆ. ಆ ಹೆಸರಿನ ಬಗ್ಗೆ ನನಗೆ ಜಂಬ. ನನಗಿಂತ ಜಂಬ ನನ್ನ ಮಗಳು ಮೇಘಳಿಗೆ. ಐದನೇ ಕ್ಲಾಸಿನ ಹುಡುಗಿ, ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದವರಿಗೂ ಕಿಟಕಿಯಿಂದ ತೋರಿಸಿ, "ಅದ ನಮ್ಮಪ್ಪಾನೆ ಬರ್ದಿರದು" ಅನ್ನುತ್ತಿದ್ದಳು.

ದೀಪಾವಳಿಗೆ ಇಪ್ಪತ್ತು ದಿನ ಇರುವಾಗ ಸತ್ಯಮಂಗಲದಿಂದ ಒಬ್ಬ ಏಜೆಂಟು ಘಾಟಿ ಹತ್ತಿ ಬಂದ. 'ನೀಲಿ ಗಿಡುಗ' ಎಂಬ ಬ್ರಾಂದಿ ಕಂಪನಿಯವನು. ಬ್ರಾಂದಿಯನ್ನು ಗೋಡೆಯ ಮೇಲೆ ಬರೆಸುವಂತಿಲ್ಲ, ಕಾನೂನು ಬಿಡುವುದಿಲ್ಲ. ಅದು ಅವನಿಗೂ ಗೊತ್ತು, ನನಗೂ ಗೊತ್ತು. ಅವನು ಚೀಲದಿಂದ ಒಂದು ಹಾಳೆ ತೆಗೆದ. ಬಾಟಲಿಯ ಮೇಲಿರುವ ಅದೇ ಗಿಡುಗ, ಅದೇ ನೀಲಿ, ಅದೇ ಹೆಸರು. ಕೆಳಗೆ ಇಷ್ಟೇ ಇಷ್ಟು ಅಕ್ಷರದಲ್ಲಿ 'ಸೋಡ'.

ಗಿಡುಗ ಆಳೆತ್ತರ ಇರಬೇಕು, ಸೋಡ ನಾಲ್ಕು ಬೆರಳು ಸಾಕು, ಯಾರಾದರೂ ಕೇಳಿದರೆ ಸೋಡ ಅಂದುಬಿಡು ಎಂದು ತಮಿಳಿನಲ್ಲಿ ಹೇಳಿದ. ಈ ಸೋಡ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಕೇಳಿದೆ. ಅವನು ನಕ್ಕ. ನಾನೂ ನಕ್ಕೆ. ಆ ನಗು ನೆನಪಾದರೆ ಈಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳೋಣ ಅನ್ನಿಸುತ್ತದೆ.

ನಮ್ಮಲ್ಲಿ ಒಂದು ರೂಢಿ. ಹಬ್ಬದ ಮುಂಚೆ ಯಾರ ಗೋಡೆ ಹಿಡಿಯುತ್ತೇವೋ ಅವರ ಮನೆಗೆ ಪುಕ್ಕಟೆ ಸುಣ್ಣ ಹೊಡೆದುಕೊಡಬೇಕು. ಏಜೆಂಟಿಗೆ ಶಾಲೆಯ ಎದುರಿನ ಗೋಡೆಯೇ ಬೇಕಾಗಿತ್ತು. ಅದು ಚನ್ನಬಸಮ್ಮನ ಮನೆ. ಕುಡಿದವನು ಯಾವನಾದರೂ ಜಗಲಿಯ ಮೇಲೆ ಕೂತರೆ ಪೊರಕೆ ಹಿಡಿದು ಬರುವ ಹೆಂಗಸು.

"ಏನ್ಲಾ ಜಡಿ, ಏನ ಬರ್ದೀಯೆ?" ಅಂದಳು.

"ಸೋಡ ಕಣಕ್ಕ."

"ಸೋಡ ತಾನೆ? ಬರ್ಕ ಬುಡು. ಒಸಿ ಅಡ್ಗೆಮನೆಗೂ ಸುಣ್ಣ ಒಡ್ದುಕೊಡು ಮತ್ತೆ."

ಅಡುಗೆಮನೆಗೆ ಎರಡು ಸಲ ಸುಣ್ಣ ಹೊಡೆದೆ. ಮನಸ್ಸು ಎಲ್ಲೋ ಚುಚ್ಚಿದ್ದಕ್ಕೇ ಇರಬೇಕು.

ಮೂರನೆಯ ದಿನ ಶಾಲೆಯ ರೇವತಿ ಟೀಚರು ರಸ್ತೆ ದಾಟಿ ಬಂದು ಏಣಿಯ ಕೆಳಗೆ ನಿಂತರು. "ಜಡೇಸ್ವಾಮಣ್ಣ, ಇದು ಬ್ರಾಂದಿ ಬಾಟ್ಲಿ ಮೇಲಿರೋ ಗುರುತಲ್ವಾ? ಅದೇ ಹೆಸರಲ್ಲಿ ಸುಮ್ನೆ ಸೋಡ ಅಂತ ಬರೆಯೋದೂ ಕಾನೂನಿಗೆ ವಿರುದ್ಧ. ದಿನಾ ಮಕ್ಕಳು ನೋಡ್ತವೆ."

ನಾನು ಇಳಿಯಲೂ ಇಲ್ಲ. "ಯಾಕ ಟೀಚರಮ್ಮ, ಓದಕ ಬರದಿಲ್ವ? ಸೋಡ ಅಂತ ಬರ್ದಿವ್ನಿ, ನೋಡಿ" ಎಂದೆ. ಪಾಠ ಹೇಳುವವರನ್ನು ಓದಲು ಬರುತ್ತದಾ ಎಂದು ಕೇಳಿದೆ! ಅಷ್ಟು ಕೊಬ್ಬು. ಅವರು ತಿರುಗಿ ಶಾಲೆಗೆ ಹೋದರು.

ಸುಳ್ಳು ಯಾಕೆ ಹೇಳಲಿ, ಗಿಡುಗ ಚೆನ್ನಾಗಿಯೇ ಬಂದಿತ್ತು. ಮಕ್ಕಳೆಲ್ಲ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಅದನ್ನೇ ಬಿಡಿಸಿದರು. ಮೇಘ ದಿನಾ ಕೇಳುತ್ತಿದ್ದಳು.

"ಅಪ್ಪ, ಆ ಸೋಡ ಎಂಗಿರ್ತದೆ? ಸೀಯಾಗಿರ್ತದ?"

"ಊಂ, ಸೀಯಾಗಿರ್ತದೆ ಕಣ್ ಕೂಸೆ."

ಆ ಒಂದು ಮಾತಿನ ಫಲ ದೀಪಾವಳಿ ಕಳೆದ ಮಾರನೆಯ ದಿನ ಸಿಕ್ಕಿತು. ತಾಳವಾಡಿಯಲ್ಲಿ ಒಂದು ಔಷಧಿ ಅಂಗಡಿಯ ಬೋರ್ಡು ಬರೆಯಲು ಹೋಗಿದ್ದೆ, ರಜವಿದ್ದ ಮೇಘಳೂ ಜೊತೆಗೆ ಬಂದಿದ್ದಳು. ಬಿಸಿಲಿಗೆ ಏನಾದರೂ ಕುಡಿದು ಬಾ ಎಂದು ಕಳಿಸಿದೆ. ಅರ್ಧ ಗಂಟೆಯಾದರೂ ಬರಲಿಲ್ಲ. ಏಣಿ ಇಳಿದು ಹುಡುಕಿದೆ. ಸೋಡ ಮಾರುವವನು, "ಗಿಡುಗದ ಸೋಡ ಬೇಕು ಅಂತಿತ್ತು. ಅದು ಬ್ರಾಂದಿ ಅಂಗ್ಡೀಲಿ ಸಿಕ್ತದೆ ಅಂತ ತಮಾಸೆಗೆ ಅಂದೆ ಕಣಣ್ಣ" ಎಂದು ತಲೆ ಕೆರೆದುಕೊಂಡ.

ಓಡಿದೆ. ಸರ್ಕಾರಿ ಬ್ರಾಂದಿ ಅಂಗಡಿಯ ಮುಂದೆ ಗಂಡಸರ ಸಾಲು. ಎಲ್ಲರಿಗಿಂತ ಮುಂದೆ, ಹಬ್ಬದ ಹಸಿರು ಲಂಗದಲ್ಲಿ, ಕಂಬಿಯ ಕಿಂಡಿಗೆ ಎಟುಕಲು ತುದಿಗಾಲಲ್ಲಿ ನಿಂತಿದ್ದಾಳೆ ನನ್ನ ಮಗಳು. ಒಳಗಿದ್ದವನು ಒಳ್ಳೆಯವನೇ. ಇಪ್ಪತ್ತೊಂದು ತುಂಬದವರಿಗೆ ಇಲ್ಲಿ ಏನೂ ಕೊಡುವಂತಿಲ್ಲ, ಮನೆಗೆ ಹೋಗಮ್ಮ ಎಂದು ಹೇಳುತ್ತಿದ್ದ.

"ಬ್ರಾಂದಿ ಬ್ಯಾಡ ಅಣ್ಣ," ಅಂದಳು ಮೇಘ. "ಗಿಡುಗದ ಸೋಡ ಕೊಡಿ. ನಮ್ಮೂರ ಗೋಡೆ ಮ್ಯಾಲೆ ಅದೆ. ನಮ್ಮಪ್ಪಾನೆ ಬರ್ದಿರದು."

ಸಾಲಿಗೆ ಸಾಲೇ ನಕ್ಕಿತು. "ಸೋಡನೂ ಇಲ್ಲ ಗೀಡನೂ ಇಲ್ಲ ಕೂಸೆ, ಅದು ಬ್ರಾಂದಿನೇಯ. ಬರ್ದವ್ನಿಗೆ ಗೊತ್ತಿರ್ತದೆ, ಓಗಿ ನಿಮ್ಮಪ್ಪನ್ನೇ ಕೇಳು" ಎಂದ ಒಬ್ಬ.

ಅವಳು ತಿರುಗಿದಳು. ನನ್ನನ್ನು ನೋಡಿದ ಕೂಡಲೆ ಮುಖ ಅರಳಿತು. "ಬಾರಪ್ಪ, ನೀನೇ ಯೋಳು ಇವ್ರಿಗೆ!"

ಎಲ್ಲರೂ ನನ್ನ ಹಣೆಯ ವಿಭೂತಿ ನೋಡಿದರು. ಶಿವನೇ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಒಂದೇ ಒಂದು ಮಾತು ನಿಜ ಹೇಳಿದ್ದರೆ ಆಗುತ್ತಿತ್ತು. ನಾನು ಮಾಡಿದ್ದೇನು ಗೊತ್ತಾ? ಅವಳ ರಟ್ಟೆ ಹಿಡಿದು ಎಳೆದು, "ಇಲ್ಲಿಗ್ಯಾಕ ಬಂದೆ, ಬುದ್ಧಿ ಇಲ್ವ ನಿಂಗೆ?" ಎಂದು ಆ ಜನರ ಮುಂದೆ ಅವಳಿಗೇ ಬೈದೆ.

ವಾಪಸು ಬರುವಾಗ ಬೈಕಿನಲ್ಲಿ ಹಿಂದೆ ಕೂತವಳು ಯಾವತ್ತಿನ ಹಾಗೆ ನನ್ನ ಸೊಂಟ ಹಿಡಿದುಕೊಳ್ಳಲಿಲ್ಲ. ಸೀಟಿನ ಕಂಬಿ ಹಿಡಿದಿದ್ದಳು. ಊರು ಹತ್ತಿರವಾದಾಗ ಕೇಳಿದಳು.

"ಅಪ್ಪ, ನಿಂಗೆ ಮೊದ್ಲೇ ಗೊತ್ತಿತ್ತಾ?"

"ಊಂ."

ಚನ್ನಬಸಮ್ಮನ ಗೋಡೆ ಬಂದಾಗ ಅವಳು ಆ ಕಡೆ ತಲೆ ಎತ್ತಲಿಲ್ಲ. ಕನ್ನಡಿಯಲ್ಲಿ ನೋಡಿದೆ.

ಎರಡು ದಿನ ಬಿಟ್ಟು ಗುಮಟಾಪುರದಲ್ಲಿ ಸಗಣಿ ಹಬ್ಬ. ಬೀರೇಶ್ವರನ ಮುಂದೆ ಗಂಡಸರು ಸಗಣಿ ಉಂಡೆ ಎಸೆದಾಡುವುದನ್ನು ನೋಡಲು ಅರ್ಧ ಊರೇ ಬಸ್ಸು ಹತ್ತಿತ್ತು, ಚನ್ನಬಸಮ್ಮನೂ ಹೋಗಿದ್ದಳು. ನಾನು ಅದಕ್ಕೇ ಕಾದಿದ್ದವನು. ಸುಣ್ಣದ ಬಕೆಟ್ಟು, ಬಣ್ಣ ಕೆರೆಯುವ ಪಟ್ಟಿ ಹಿಡಿದು ಗೋಡೆಯ ಹತ್ತಿರ ಹೋದೆ. ತಪ್ಪು ತಿದ್ದಿಕೊಳ್ಳುವುದಕ್ಕೂ ಯಾರೂ ಇಲ್ಲದ ಹೊತ್ತು ಬೇಕಾಗಿತ್ತು ನನಗೆ.

ಮೇಘ ಆಗಲೇ ಅಲ್ಲಿದ್ದಳು. ಕಾಲ ಬಳಿ ನಮ್ಮ ಕೊಟ್ಟಿಗೆಯ ಮಂಕರಿ ಬುಟ್ಟಿ, ಮೊಣಕೈವರೆಗೆ ಸಗಣಿ. ಗಿಡುಗವನ್ನು ಅವಳು ಮುಟ್ಟಿರಲಿಲ್ಲ. ಹೆಸರನ್ನು, ಸೋಡ ಎಂಬ ಅಕ್ಷರವನ್ನು, ಯಾವುದನ್ನೂ ಮುಟ್ಟಿರಲಿಲ್ಲ. ಕೆಳಗಿನ ಮೂಲೆಯಲ್ಲಿ 'ಜಡೇ ಆರ್ಟ್ಸ್' ಇದ್ದ ಜಾಗಕ್ಕೆ ಮಾತ್ರ ದಪ್ಪಗೆ ಮೆತ್ತಿದ್ದಳು. ಅವಳ ಸಣ್ಣ ಬೆರಳುಗಳ ಗುರುತು ಹಸಿಯಾಗಿಯೇ ಇತ್ತು.

"ಗಿಡುಗನ್ನ ಬುಟ್ಟು ಇದ್ಯಾಕ ಮೆತ್ತಿದ್ದೀಯ ಮಗ?" ಬಕೆಟ್ಟು ಕೆಳಗಿಟ್ಟು ಕೇಳಿದೆ.

ಅವಳು ಲಂಗಕ್ಕೆ ಕೈ ಒರೆಸಿಕೊಂಡಳು.

"ನೀನು ಬರ್ದಿದ್ದು ಅಂತ ಇನ್ ಯಾರ್ಗೂ ಗೊತ್ತಾಗಲ್ಲ ಕಣಪ್ಪ," ಅಂದಳು. "ನಾನೂ ಯಾರ್ಗೂ ಯೋಳಲ್ಲ."