ಪ್ರಾರ್ಥನೆಯ ನಡುವೆ ಬಾಯಿ ಹಾಕಬಾರದು

ಮನೆ ಪ್ರಾರ್ಥನೆಗೆ ಒಂದು ಕಟ್ಟುನಿಟ್ಟಿತ್ತು. ಒಬ್ಬರು ಪ್ರಾರ್ಥಿಸಲು ಶುರು ಮಾಡಿದರೆ ಅವರು ‘ಆಮೆನ್’ ಅನ್ನುವವರೆಗೆ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ, ಕಣ್ಣು ತೆರೆಯುವಂತಿಲ್ಲ. ಒಲೆಯ ಮೇಲೆ ಹಾಲು ಉಕ್ಕಿದರೆ ಉಕ್ಕಲಿ. ಈ ಕಾನೂನು ಗುಬ್ಬಿಯ ಅತ್ತಿಗೆಯದು. ವಾರಕ್ಕೊಂದು ಸಂಜೆ ಅವಳ ಹಜಾರದಲ್ಲಿ ಚರ್ಚಿನ ಸಭೆಯ ಹೆಂಗಸರು ಪ್ಲಾಸ್ಟಿಕ್ ಕುರ್ಚಿಗಳನ್ನು ಸುತ್ತ ಹಾಕಿಕೊಂಡು, ಕೈ ಕೈ ಹಿಡಿದು ಕೂರುತ್ತಿದ್ದರು. ಅತ್ತಿಗೆ ಪ್ರಾರ್ಥನೆ ಮಾಡಿದರೆ ಕಲ್ಲೂ ಕರಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಎಲ್ಲರಿಗಿಂತ ಹೆಚ್ಚಾಗಿ ಅತ್ತಿಗೆಯೇ ಹೇಳುತ್ತಿದ್ದಳು.

ಗುಬ್ಬಿ ಅವಳ ಗಂಡನ ತಂಗಿ. ಹುಟ್ಟಿದಾಗ ಅಂಗೈಯಷ್ಟಿದ್ದಳಂತೆ, ಅದಕ್ಕೇ ಆ ಹೆಸರು. ನಲವತ್ತು ದಾಟಿ, ಮೈ ತುಂಬಿ, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವಂತಾದರೂ ಹೆಸರು ಮಾತ್ರ ಅವಳನ್ನು ಬಿಟ್ಟಿರಲಿಲ್ಲ. ಚಿಕ್ಕಂದಿನಿಂದ ಅವಳಿಗೆ ಫಿಟ್ಸ್ ಇತ್ತು. ಹೆಣ್ಣು ನೋಡಲು ಬಂದವರಿಗೆ ಯಾರೋ ಪುಣ್ಯಾತ್ಮರು ಅದನ್ನು ತಪ್ಪದೆ ತಿಳಿಸುತ್ತಿದ್ದರು. ಬಂದವರು ಚಹಾದ ಲೋಟ ಅರ್ಧಕ್ಕೇ ಇಟ್ಟು ಎದ್ದುಹೋಗುತ್ತಿದ್ದರು. ಈಗ ಮಾತ್ರೆ ತಪ್ಪಿಸದೆ ನುಂಗುತ್ತಿದ್ದಳು, ಫಿಟ್ಸ್ ಬಂದು ಎಷ್ಟೋ ವರ್ಷವಾಗಿತ್ತು. ಆದರೆ ಆ ಅರ್ಧ ಲೋಟಗಳನ್ನು ತೊಳೆದವಳು ಅವಳೇ, ಅದನ್ನು ಮರೆತಿರಲಿಲ್ಲ.

ಇಂಥವಳಿಗೆ ಶಿಶುವಿಹಾರದಲ್ಲಿ ಕೆಲಸ ಸಿಕ್ಕಿತು, ಅದೂ ತೊಟ್ಟಿಲ ಕೋಣೆಯಲ್ಲಿ. ಬಾಟಲಿಗಳನ್ನು ಕುದಿಸುವುದು, ಬಟ್ಟೆ ಬದಲಿಸುವುದು, ಹೆಗಲ ಮೇಲೆ ಹಾಕಿಕೊಂಡು ತೇಗು ಬರುವವರೆಗೆ ಬೆನ್ನು ತಟ್ಟುವುದು. ಎತ್ತಿಕೊಂಡ ಮಗು ನಿದ್ದೆಗೆ ಜಾರಿದೊಡನೆ ಇದ್ದಕ್ಕಿದ್ದಂತೆ ಭಾರವಾಗುತ್ತದಲ್ಲ, ಆ ಭಾರಕ್ಕೆ ಅವಳು ಮರುಳಾಗಿಹೋದಳು. ತನಗೂ ಇಷ್ಟು ಸಂತೋಷ ಬರೆದಿತ್ತೇ ಎಂದು ಬಚ್ಚಲಿಗೆ ಹೋಗಿ ಅತ್ತಳು. ಒಂದೇ ಒಂದು ಮುಳ್ಳು ಚುಚ್ಚುತ್ತಿತ್ತು. ಫಿಟ್ಸ್ ನಿಂತು ವರ್ಷಗಳೇ ಆದ್ದರಿಂದ ತೊಂದರೆಯಿಲ್ಲ ಎಂದು ಡಾಕ್ಟರು ಹೇಳಿದ್ದರೂ, ಶಿಶುವಿಹಾರ ನಡೆಸುವ ಮೇಡಂಗೆ ಅವಳು ಕಾಯಿಲೆಯ ವಿಷಯ ಹೇಳಿರಲಿಲ್ಲ.

ಅತ್ತಿಗೆಯ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾ ಕೇಳಿದಳು. “ಹೇಳದೆ ಸೇರ್ಕೊಂಡಿದ್ದು ಪಾಪ ಆಗುತ್ತಾ ಅತ್ತಿಗೆ? ನಾನೇ ಹೋಗಿ ಹೇಳಿಬಿಡಲಾ?”

“ಅವಸರ ಪಡಬೇಡ. ಭಾರಾನ ಕರ್ತನ ಮೇಲೆ ಹಾಕು. ನಾನಿದೀನಲ್ಲ,” ಅಂದಳು ಅತ್ತಿಗೆ.

ಆ ವಾರದ ಪ್ರಾರ್ಥನೆಗೆ ಶಿಶುವಿಹಾರದ ಮೇಡಂ ಕೂಡ ಬಂದಿದ್ದರು. ಅವರೂ ಅದೇ ಸಭೆಯವರು. ಅತ್ತಿಗೆ ಗುಬ್ಬಿಯ ಕೈ ಹಿಡಿದು ದನಿ ಎತ್ತಿದಳು. “ಪರಲೋಕದ ತಂದೆಯೇ, ಈ ನಿನ್ನ ಮಗಳನ್ನು ನೋಡು. ಹುಟ್ಟಿನಿಂದ ಮೂರ್ಛೆ ರೋಗ. ಮಾತ್ರೆ ಮೇಲೆ ಜೀವ ಹಿಡಿದಿದ್ದಾಳೆ. ಇಂಥವಳ ಕೈಗೆ ಎಳೆ ಕೂಸುಗಳನ್ನು ಕೊಟ್ಟಿದ್ದೀಯಲ್ಲ, ಅವಳು ಬಿದ್ದರೂ ಕೂಸುಗಳು ಬೀಳದ ಹಾಗೆ ಕಾಪಾಡು ಸ್ವಾಮೀ...” ಗುಬ್ಬಿ ಕೈ ಬಿಡಿಸಿಕೊಳ್ಳಲು ನೋಡಿದಳು, ಆಗಲಿಲ್ಲ. ಕಣ್ಣು ತೆರೆದಳು. ಎದುರಿಗೆ ಮೇಡಂ ಕೂಡ ಕಣ್ಣು ತೆರೆದು ಇವಳನ್ನೇ ನೋಡುತ್ತಿದ್ದರು. ಅತ್ತಿಗೆಯ ಕೆನ್ನೆಯ ಮೇಲೆ ನಿಜವಾದ ಕಣ್ಣೀರು ಇಳಿಯುತ್ತಿತ್ತು. ಎಲ್ಲರೂ ‘ಆಮೆನ್’ ಅಂದರು.

ಮರುದಿನ ಬೆಳಿಗ್ಗೆ ಮೇಡಂ ಅವಳನ್ನು ತೊಟ್ಟಿಲ ಕೋಣೆಯ ಬಾಗಿಲಲ್ಲೇ ತಡೆದು, ಎರಡೂ ಕೈ ಹಿಡಿದುಕೊಂಡರು. “ಬೇಜಾರು ಮಾಡ್ಕೋಬೇಡಿ ಸಿಸ್ಟರ್. ತಾಯಂದಿರಿಗೆ ಗೊತ್ತಾದ್ರೆ ನಾನೇನು ಉತ್ತರ ಕೊಡಲಿ? ನಿಮಗೋಸ್ಕರ ಪ್ರಾರ್ಥನೆ ಮಾಡ್ತಾನೇ ಇರ್ತೀನಿ.” ಒಳಗೆ ಒಂದು ಮಗು ಅಳುತ್ತಿತ್ತು. ಅದು ಹಸಿವಿನ ಅಳು ಅಲ್ಲ, ಹೊಟ್ಟೆನೋವಿನದು ಎಂದು ಗುಬ್ಬಿಗೆ ಗೊತ್ತಿತ್ತು.

ಅಲ್ಲಿಂದ ನೇರವಾಗಿ ಅತ್ತಿಗೆಯ ಮನೆಗೆ ಹೋದಳು.

“ನಾನು ದೇವರಿಗೆ ಹೇಳ್ದೆ,” ಅಂದಳು ಅತ್ತಿಗೆ, ಮುಖದ ಮೇಲೆ ಒಂದು ಗೆರೆಯೂ ಅಲುಗದೆ. “ಜನಕ್ಕೆ ಹೇಳಿದ್ನಾ?”

“ಹಾಗಾದ್ರೆ ನಿಮ್ಮ ಮಗಳ ವಿಷಯ ಯಾಕೆ ಒಂದ್ಸಲಾನೂ ಹೇಳಿಲ್ಲ ದೇವರಿಗೆ?”

ಅತ್ತಿಗೆ ಎದ್ದು ಬಾಗಿಲು ಹಾಕಿ ಬಂದಳು. ಹೋದ ವರ್ಷ ಅವಳ ಮಗಳೂ ಸ್ನಾನದ ಮನೆಯಲ್ಲಿ ಸೆಟೆದುಕೊಂಡು ಬಿದ್ದಿದ್ದಳು. ಮನೆತನದ ಬಳುವಳಿ. ಹುಡುಗಿಯನ್ನು ಗುಟ್ಟಾಗಿ ತನ್ನ ಡಾಕ್ಟರ ಹತ್ತಿರ ಕರೆದೊಯ್ದವಳು ಗುಬ್ಬಿ. ಸೋದರತ್ತೆಗೂ ಸೋದರ ಸೊಸೆಗೂ ಒಂದೇ ಮಾತ್ರೆ. ಯಾರ ಹತ್ತಿರವೂ ಉಸಿರೆತ್ತುವುದಿಲ್ಲ ಎಂದು ಹುಡುಗಿಯ ತಲೆ ಮುಟ್ಟಿ ಮಾತು ಕೊಟ್ಟವಳೂ ಗುಬ್ಬಿಯೇ.

“ಅದು ಮನೆ ವಿಷಯ,” ಅಂದಳು ಅತ್ತಿಗೆ. “ಮದುವೆ ಮಾತು ನಡೀತಿದೆ. ನಿನ್ನ ಬಾಳಂತೂ ಆಯ್ತು, ಅವಳದ್ದಾದರೂ ನೆಟ್ಟಗಾಗಲಿ.”

ಮುಂದಿನ ವಾರ ಹುಡುಗನ ತಾಯಿಯೇ ಪ್ರಾರ್ಥನೆಗೆ ಬಂದರು. ಅತ್ತಿಗೆ ಹೊಸ ಪರದೆ ಹಾಕಿ, ಒಳ್ಳೆಯ ಕಪ್ಪುಗಳನ್ನು ಕೆಳಗಿಳಿಸಿದ್ದಳು. ಗುಬ್ಬಿ ಬರಬಾರದೆಂದೇ ಇದ್ದಳು. ಹುಡುಗಿಯೇ ಹೋಗಿ ಕರೆತಂದು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು, ಕೈ ಹಿಡಿದು ಕಿವಿಯಲ್ಲಿ ಹೇಳಿದಳು. “ಅತ್ತೆ, ಇವತ್ತು ನನಗೋಸ್ಕರ ನೀವು ಪ್ರಾರ್ಥನೆ ಮಾಡಿ. ಅಮ್ಮನದ್ದು ಬೇಡ, ನಿಮ್ಮದೇ ಬೇಕು.”

ಎಲ್ಲರೂ ಕಣ್ಣು ಮುಚ್ಚಿದರು. ಗುಬ್ಬಿಯೂ ಮುಚ್ಚಿದಳು. ಈ ಹುಡುಗಿಯನ್ನು ಎತ್ತಿ ಆಡಿಸಿದವಳು ಅವಳು, ಮೊದಲ ಹಲ್ಲು ಕಂಡವಳು ಅವಳು. ಒಳ್ಳೆಯ ಮಾತುಗಳೇ ಬಾಯಿಗೆ ಬಂದವು. ತಂದೆಯೇ, ಈ ಕೂಸನ್ನು ಆಶೀರ್ವದಿಸು, ಒಳ್ಳೆಯ ಮನೆ ಕೊಡು ಅಂದಳು. ಅಷ್ಟಕ್ಕೇ ‘ಆಮೆನ್’ ಅನ್ನಬಹುದಿತ್ತು. ಆಗ ಎದುರುಗಡೆಯಿಂದ ಅತ್ತಿಗೆ “ಸ್ತೋತ್ರ, ಸ್ತೋತ್ರ” ಎಂದು ತೃಪ್ತಿಯಿಂದ ನಿಟ್ಟುಸಿರುಬಿಟ್ಟದ್ದು ಕೇಳಿಸಿತು. ಗುಬ್ಬಿಯ ಮೈಯೆಲ್ಲ ಉರಿದುಹೋಯಿತು.

“ಕರ್ತನೇ,” ಅಂದಳು, ಅತ್ತಿಗೆಯದೇ ರಾಗದಲ್ಲಿ, “ನನ್ನ ಕಾಯಿಲೆಯನ್ನೇ ಈ ಮಗುವಿಗೂ ಕೊಟ್ಟಿದ್ದೀ. ನನ್ನ ಮಾತ್ರೆಯನ್ನೇ ಇವಳೂ ನುಂಗುತ್ತಿದ್ದಾಳೆ. ಮದುವೆಯಾದ ಮೇಲೆ ಆ ಮನೆಯಲ್ಲಿ ಬೀಳದ ಹಾಗೆ ಕಾಪಾಡು. ಬಿದ್ದರೆ ಅವರಿಗೆ ಹಿಡಿದುಕೊಳ್ಳುವ ಮನಸ್ಸು ಕೊಡು...”

ಯಾರದೋ ಕುರ್ಚಿ ಕಿರ್ ಎಂದಿತು. ಅತ್ತಿಗೆಯ ಗಂಟಲಲ್ಲಿ ಏನೋ ಗೊರಗೊರ ಸದ್ದಾಯಿತು, ಆದರೆ ಮಾತು ಹೊರಡಲಿಲ್ಲ. ಅವಳದೇ ಕಾನೂನು. ಗುಬ್ಬಿ ಆತುರಪಡದೆ, ಡಾಕ್ಟರನ್ನೂ ನೆನೆದು, ಬರಲಿರುವ ಮಕ್ಕಳನ್ನೂ ನೆನೆದು ಮುಗಿಸಿದಳು. ಎಲ್ಲರೂ ‘ಆಮೆನ್’ ಅಂದರು. ಹುಡುಗನ ತಾಯಿಯೂ ಅಂದರು, ಆಮೇಲೆ ಅರ್ಧ ಕುಡಿದಿಟ್ಟಿದ್ದ ಚಹಾದ ಕಪ್ಪನ್ನು ದೂರ ಸರಿಸಿದರು.

ಗುಬ್ಬಿ ಕಣ್ಣು ತೆರೆದು ಮೊದಲು ಅತ್ತಿಗೆಯ ಮುಖ ನೋಡಿದಳು. ಅದನ್ನು ನೋಡಲೆಂದೇ ಇಷ್ಟೆಲ್ಲ ಮಾಡಿದ್ದಳು, ಕಣ್ತುಂಬ ನೋಡಿದಳು. ಆಮೇಲೆ ನೆನಪಾಗಿ ಪಕ್ಕಕ್ಕೆ ತಿರುಗಿದಳು. ಹುಡುಗಿ ಇನ್ನೂ ಕಣ್ಣು ತೆರೆದಿರಲಿಲ್ಲ, ಕೈಯನ್ನೂ ಬಿಟ್ಟಿರಲಿಲ್ಲ. ಎಲ್ಲರೂ ‘ಆಮೆನ್’ ಅಂದಿದ್ದರೂ ಅತ್ತೆಯ ಪ್ರಾರ್ಥನೆ ಇನ್ನೂ ಮುಗಿದಿಲ್ಲ, ಮುಂದೆ ಏನಾದರೂ ಒಳ್ಳೆಯದನ್ನು ಹೇಳುತ್ತಾಳೆ ಎನ್ನುವಂತೆ ಅವಳು ಕಾಯುತ್ತಿದ್ದಳು.